ವಾರೆನ್ ಸರ್ ಸುಮ್ಮನಾದಾಗ

2022ರಲ್ಲಿ ನಾನು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಒಂದು ಖಾಸಗಿ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗದ ಕೋಆರ್ಡಿನೇಟರ್ ಆಗಿದ್ದೆ. ಟೈಮ್‌ಟೇಬಲ್ ಮಾಡುವುದು, ಪ್ರೊಫೆಸರರಿಗೆ ವೀಸಾ ಮುಗಿಯುವ ದಿನ ನೆನಪಿಸುವುದು, ವೈವಾ ಅಂದರೆ ಮೌಖಿಕ ಪರೀಕ್ಷೆಯ ವೇಳೆ ಮೂಲೆಯಲ್ಲಿ ಕೂತು ಪ್ರಶ್ನೋತ್ತರ ಬರೆದುಕೊಳ್ಳುವುದು ನನ್ನ ಕೆಲಸ.

ಆ ವರ್ಷ ಹೊಸದಾಗಿ ಬಂದವರು ಡಾ. ವಾರೆನ್. ಅಮೆರಿಕದ ರಾಯಭಾರ ಕಚೇರಿಗಳಲ್ಲೇ ಆಯುಷ್ಯ ಕಳೆದು, ನಿವೃತ್ತರಾದ ಮೇಲೆ ಪಾಠ ಹೇಳಲು ಹೊರಟವರು. ಕಾಫಿ ತಾವೇ ಮಾಡಿಕೊಂಡು ನನಗೂ ಒಂದು ಕಪ್ ತರುತ್ತಿದ್ದರು. ಇಂಥವರ ವೈವಾದಿಂದ ಮಕ್ಕಳು ಕಣ್ಣೊರೆಸಿಕೊಂಡು ಹೊರಬರುವುದು ನನಗೆ ಒಗಟಾಗಿತ್ತು.

ಹಾಗೆ ಬಂದ ಮೂರನೆಯವಳು ಲವೀನಾ, ಮಂಗಳೂರಿನ ಕೊಂಕಣಿ ಹುಡುಗಿ. ತಾಯಿ ಇಲ್ಲೇ ನರ್ಸ್. ದೇರಾದ ಒಂದು ಶಿಪ್ಪಿಂಗ್ ಕಂಪನಿ ಅವಳಿಗೆ ಕೆಲಸ ಕೊಡಲು ಒಪ್ಪಿತ್ತು, ಪಾಸಾದರೆ ಮಾತ್ರ. ಮೇಲಿನ ದೇಶ ನದಿಗೆ ಅಣೆಕಟ್ಟು ಕಟ್ಟುವ ಮುಂಚೆ ಕೆಳಗಿನ ದೇಶಕ್ಕೆ ತಿಳಿಸಬೇಕೇ ಎಂದು ಸರ್ ಕೇಳಿದ್ದರು. "ತಿಳಿಸಲೇಬೇಕು," ಎಂದು ಕಾರಣ ಸಮೇತ ಹೇಳಿದಳು. ಸರ್ ಮಾತಾಡದೆ ಅವಳನ್ನೇ ನೋಡುತ್ತ ಕೂತರು. "ಕೆಲವೊಮ್ಮೆ ತಿಳಿಸದಿದ್ದರೂ ನಡೆಯುತ್ತದೆ," ಎಂದಳು. ಮತ್ತೆ ಮೌನ. "ನಾನು ಹೇಳಿದ್ದೇ ತಪ್ಪು," ಎಂದುಬಿಟ್ಟಳು. ಫೇಲ್.

ಹೊರಗೆ ಹಿಡಿದು ಕೇಳಿದೆ. "ಸರಿಯಾಗಿಯೇ ಹೇಳಿದ್ದಿ ಅಲ್ವಾ ಮಾರಾಯ್ತಿ, ಎಂತಕ್ಕೆ ಬದಲಿಸಿದ್ದು?"

"ಹಿ ಜಸ್ಟ್ ಸ್ಟೇರ್ಸ್, ಆಂಟಿ! ಮನೇಲಿ ಮಮ್ಮಿ ಹಾಗೆ ನೋಡಿದ್ರೆ ನಂದೇ ತಪ್ಪು ಅಂತ ಲೆಕ್ಕ."

ಕುತೂಹಲ ತಡೆಯಲಾಗಲಿಲ್ಲ. ಉತ್ತರ ಬಂದ ಮೇಲೂ ಸುಮ್ಮನಿರುವುದೇಕೆ ಎಂದು ಸರ್ ಅವರನ್ನೇ ಕೇಳಿದೆ.

"ಸುಮ್ಮನಿರುತ್ತೇನೆಯೇ?" ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಯೋಚಿಸಿ ನಕ್ಕರು. ಸಂಧಾನದ ಮೇಜಿನಲ್ಲಿ ಕಲಿತದ್ದಂತೆ: ಎದುರು ಪಕ್ಷ ಮಾತು ಮುಗಿಸಿದ ಮೇಲೆ ನಾವು ಬಾಯಿ ಬಿಡಬಾರದು, ಮೌನ ತಾಳಲಾರದೆ ಅವರೇ ಇನ್ನಷ್ಟು ಬಿಟ್ಟುಕೊಡುತ್ತಾರೆ. ಹೀಗೆ ಕೂತೇ ಒಮ್ಮೆ ಒಂದು ಬಂದರಿನ ಒಪ್ಪಂದ ಗೆದ್ದಿದ್ದರಂತೆ.

"ಇಲ್ಲಿ ಎದುರು ಪಕ್ಷ ಯಾರು ಸರ್?"

ನಗು ನಿಂತಿತು. ನಿಯಮದಲ್ಲಿ ಅವಕಾಶವಿತ್ತು, ಮೂವರಿಗೂ ಮರುಪರೀಕ್ಷೆ ಹಾಕಿಸಿದರು. "ಈ ವಯಸ್ಸಿನಲ್ಲಿ ಚಾಳಿ ಬಿಟ್ಟೀತೆಂಬ ಭರವಸೆ ನನಗಿಲ್ಲ. ಮಕ್ಕಳಿಗೆ ಮೊದಲೇ ಹೇಳಿಬಿಡಿ," ಎಂದರು.

"ಉತ್ತರ ಹೇಳಿ ಆಯ್ತಾ, ಬಾಯಿಗೆ ಬೀಗ ಹಾಕು. ಅವರು ನೋಡ್ಲಿ, ನೀನೂ ನೋಡು," ಎಂದೆ ಲವೀನಾಗೆ.

"ನಗು ಬಂದ್ರೆ?"

"ನಗ್ಲಿಕ್ಕೆ ಪಾಸಾದ ಮೇಲೆ ಬೇಕಾದಷ್ಟು ಟೈಮ್ ಉಂಟು."

ಮುಂದಿನ ವಾರ ಹೊಸ ಪ್ರಶ್ನೆ. ಲವೀನಾ ಉತ್ತರಿಸಿದಳು, ಸರ್ ಸುಮ್ಮನಾದರು. ಅವಳೂ ಕೈಕಟ್ಟಿ ಅವರನ್ನೇ ನೋಡಿದಳು. ಆಡಿದ ಮಾತು ಬರೆಯುವುದು ನನ್ನ ಕೆಲಸ. ಬರೆಯಲು ಏನೂ ಇರಲಿಲ್ಲ. ಕಡೆಗೆ ಸರ್ ಕುರ್ಚಿ ಹಿಂದಕ್ಕೆ ತಳ್ಳಿದರು.

"ಖಲಾಸ್. ನೀನೇ ಗೆದ್ದೆ."

ಲವೀನಾ ದೇರಾದ ಕೆಲಸಕ್ಕೆ ಸೇರಿದಳು. ನಾನು ಕಲಿತದ್ದು ಇಷ್ಟೇ: ಮೇಲಿನವರು ಸುಮ್ಮನಾದರೆ ಸಿಟ್ಟಾಗಿದ್ದಾರೆಂದು ಈಗ ತೀರ್ಮಾನಿಸುವುದಿಲ್ಲ. ಕೇಳಿಬಿಡುತ್ತೇನೆ. ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ.