ಒಗೆದ ಸೀರೆ

ಬೆಳಗಾವಿಯ ಆ ಆಸ್ಪತ್ರೆಯ ನರ್ಸಬಾಯಿಯವರ ಮುಖವನ್ನು ನಾನು ನೋಡಿದ್ದು ಒಮ್ಮೆ ಮಾತ್ರ. ಉಳಿದಂತೆ ನೆನಪಿರುವುದು ಒಂದರ ಮೇಲೊಂದು ತೊಟ್ಟ ಎರಡು ಮಾಸ್ಕಿನ ಮೇಲಿನ ಕಣ್ಣುಗಳು. ಯಾರು ಏನೇ ತಪ್ಪು ಮಾಡಿದರೂ "ಇರ್ಲಿ ಬಿಡ್ರಿ" ಎಂದು ತಾವೇ ಸರಿಪಡಿಸುತ್ತಿದ್ದರು.

ಕೊರೊನಾ ತಗುಲಿದ್ದ ನನ್ನ ಹೆಂಡತಿ ಎಂಟನೇ ತಿಂಗಳಿನಲ್ಲೇ ಹೆತ್ತು, ಬೇರೆ ವಾರ್ಡಿನಲ್ಲಿ ಆಕ್ಸಿಜನ್ ಮೇಲಿದ್ದಳು. ಮಗುವನ್ನು ಈ ನರ್ಸಬಾಯಿ ನೋಡಿಕೊಳ್ಳುತ್ತಿದ್ದರು. ಒಂದು ದಿನ ನನ್ನನ್ನು ಕರೆದು ಹೇಳಿದರು:

"ಸರ್ರ, ಮನ್ಯಾಗ ಆಕಿ ಉಟ್ಟಿದ್ದ ಹಳೇ ಸೀರಿ ಇದ್ರ ತರ್ರಿ. ಒಗೀಬ್ಯಾಡ್ರಿ ಮತ್ತ. ಕೂಸಿಗೆ ಅವ್ವನ ವಾಸ್ನಿ ಬೇಕು."

ಖಾನಾಪುರ ದಾಟಿ ಗುಂಜಿಯ ಮನೆಗೆ ಹೋದೆ. ವಾರಗಟ್ಟಲೆ ಗೂಟಕ್ಕೆ ನೇತಾಡಿದ್ದ ಸೀರೆಯಲ್ಲಿ ವೈರಾಣು ಉಳಿದಿರದು ಎಂದು ಎಂ.ಎಸ್ಸಿ. ಓದಿದ ನನಗೆ ಗೊತ್ತಿತ್ತು. ಆದರೂ ಭಯ. ವಾಸನೆಯ ಮಾತು ಹೆಂಗಸರ ನಂಬಿಕೆ ಎನಿಸಿತು. ಬಿಸಿನೀರಿನಲ್ಲಿ ಎರಡು ಸಲ ಒಗೆದು, ಒಣಗಿಸಿ ತಂದೆ.

ಅಷ್ಟರಲ್ಲಿ ಹೆಂಡತಿ ತೀರಿಕೊಂಡಿದ್ದಳು.

ನರ್ಸಬಾಯಿ ಸೀರೆ ತೆಗೆದುಕೊಂಡರು. ಯಾರೂ ಮಾಸ್ಕ್ ಸರಿಸದ ಆ ಜಾಗದಲ್ಲಿ ಎರಡನ್ನೂ ಕೆಳಗೆಳೆದು ಮೂಸಿದರು. ನನ್ನನ್ನು ನೋಡಿದರು. ಆಗ "ಇರ್ಲಿ ಬಿಡ್ರಿ" ಎಂದರೋ, ಸುಮ್ಮನಿದ್ದರೋ, ಎಷ್ಟು ಯೋಚಿಸಿದರೂ ಖಚಿತವಾಗುವುದಿಲ್ಲ. ಎಂದರು ಅಂತ ನಾನೇ ಸೇರಿಸಿಕೊಂಡಿರಬಹುದು.

ಅದರಲ್ಲೇ ಮಗುವನ್ನು ಮೆಲ್ಲಗೆ ಸುತ್ತಿದರು. ಸೋಪಿನ ವಾಸನೆ ನಾನು ನಿಂತಲ್ಲಿಯವರೆಗೂ ಬರುತ್ತಿತ್ತು.