ಉಪ್ಸಾಲಾದಲ್ಲಿ ಒಂಬತ್ತನೆಯವನು

ಶನಿವಾರ ಬೆಳಿಗ್ಗೆ ಸ್ಟಾಕ್‌ಹೋಮಿನ ಕಿಸ್ಟಾದಲ್ಲಿ ಮೆಟ್ರೋ ಹತ್ತಿದಾಗ ನನ್ನ ತಲೆಯ ಮೇಲೆ ಇನ್ನೊಬ್ಬರ ಟೋಪಿಯಿತ್ತು. ನಮ್ಮ ಆಫೀಸಿನ ಬೇಸ್‌ಬಾಲ್ ತಂಡದಲ್ಲಿ ಒಬ್ಬನ ಕಾಲು ಉಳುಕಿತ್ತು; ಟೋಪಿ ಅವನದೇ. ಒಂಬತ್ತು ಜನರಾಗಲಿ ಎಂದು ನನ್ನನ್ನು ಎಳೆದುಕೊಂಡು ಹೊರಟಿದ್ದರು. ಉಪ್ಸಾಲಾದ ಆ ಪಂದ್ಯ ಸೋತರೆ ತಂಡ ಲೀಗ್‌ನಿಂದ ಹೊರಗೆ. ನಾನೋ, ದಾವಣಗೆರೆಯಲ್ಲಿ ಕ್ರಿಕೆಟ್ ಆಡಿ ಬೆಳೆದವನು. ಬೇಸ್‌ಬಾಲ್ ಎಂದರೆ ಗಿಲ್ಲಿದಾಂಡಿನ ಶ್ರೀಮಂತ ನೆಂಟ ಎಂದೇ ತಿಳಿದಿದ್ದೆ.

ಸ್ಟಾಕ್‌ಹೋಮ್ ಸೆಂಟ್ರಲ್‌ನಲ್ಲಿ ಉಪ್ಸಾಲಾ ರೈಲು ಹಿಡಿದೆವು. ಮುಕ್ಕಾಲು ಗಂಟೆಯೂ ಇಲ್ಲದ ದಾರಿ. ಕ್ಯಾಪ್ಟನ್ ಎರಿಕ್ ಅಮೆರಿಕದ ವೃತ್ತಿಪರ ಲೀಗಿನ ಪಂದ್ಯವನ್ನು ಮೊಬೈಲಿನಲ್ಲಿ ಹಾಕಿಕೊಂಡು ಕೂತ. ಪಕ್ಕದ ಸೀಟಿನ ಅಪರಿಚಿತ ಅಜ್ಜಿಯೂ ಬಗ್ಗಿ ನೋಡಿ, ಯಾವ ತಂಡ ಮುಂದಿದೆ ಎಂದು ಕೇಳಿದರು.

"ಮೊದ್ಲು ಇಲ್ಲಿ ಈ ಟೋಪಿ ಬರೀ ಫ್ಯಾಷನ್ನಿಗೆ ಹಾಕ್ತಿದ್ರು. ಈಗ ಮ್ಯಾಚ್ ನೋಡೋಕೆ ನಿದ್ದೆಗೆಡ್ತಾರೆ," ಎಂದಳು ವಿನುತಾ. ಉಡುಪಿಯವಳು, ನನ್ನ ಸಹೋದ್ಯೋಗಿ, ತಂಡದ ಅತಿ ವೇಗದ ಓಟಗಾರ್ತಿ.

ಮೈದಾನದಲ್ಲಿ ಬಿಸಿಲಿತ್ತು, ಗಾಳಿ ಮಾತ್ರ ಕೊರೆಯುತ್ತಿತ್ತು. ಮೊದಲ ಸರದಿಯಲ್ಲೇ ನನ್ನ ಮಾನ ಹೋಯಿತು. ಕೆಳಗೆ ಬಂದ ಚೆಂಡನ್ನು ಮುಂಗಾಲು ಹಾಕಿ ಅಚ್ಚುಕಟ್ಟಾಗಿ ತಡೆದೆ. ತಡೆದು, ಅಲ್ಲೇ ನಿಂತೆ.

"ಓಡ್ರೀ ಗುರುರಾಜ್!" ಎಂದು ವಿನುತಾ ಕಿರುಚಿದಳು. ಇಲ್ಲಿ ಚೆಂಡು ಬ್ಯಾಟಿಗೆ ತಗುಲಿ ಗೆರೆಯೊಳಗೆ ಬಿದ್ದರೆ ಓಡಲೇಬೇಕಂತೆ. ನಾನು ಹೆಜ್ಜೆ ಕಿತ್ತಿಡುವಷ್ಟರಲ್ಲಿ ಚೆಂಡು ಓಟದ ಮೊದಲ ತಾಣವಾದ ಬೇಸನ್ನು ತಲುಪಿ, ನಾನು ಔಟಾಗಿದ್ದೆ. ನಾಚಿಕೆಯಾಯಿತು.

ಫಿಕಾ, ಅಂದರೆ ಸ್ವೀಡನ್ನಿನವರ ಕಾಫಿ ವಿರಾಮದ ಹೊತ್ತಿಗೆ, ಕಾಫಿ, ದಾಲ್ಚಿನ್ನಿ ಬನ್ನು, ವಿನುತಾ ತಂದ ಚಿತ್ರಾನ್ನ.

ಕೊನೆಯ ಇನಿಂಗ್ಸ್. ಎದುರಾಳಿಗಳ ಸರದಿ ಮುಗಿದಿತ್ತು. ಸ್ಕೋರ್ ಸಮ, ಮೂವರು ಔಟಾದರೆ ಮುಗಿಯುವ ನಮ್ಮ ಸರದಿಯಲ್ಲಿ ಒಬ್ಬರು ಔಟ್. ಮೂರನೆಯ ಬೇಸಿನಲ್ಲಿ ವಿನುತಾ. ಅವಳು ಅಲ್ಲಿಂದ ಓಡಿ, ನಾನು ನಿಂತಿದ್ದ ಹೋಮ್ ಮುಟ್ಟಿದರೆ ಒಂದು ರನ್, ಗೆಲುವು. ಬ್ಯಾಟು ನನ್ನ ಕೈಯಲ್ಲಿ.

ಎರಿಕ್ ಕಿವಿಯಲ್ಲಿ ಹೇಳಿದ: "ಆಗ ತಡೆದೆಯಲ್ಲ, ಹಾಗೇ ತಡಿ. ಈ ಸಲ ಓಡು."

ತಡೆದೆ. ಚೆಂಡು ನಿಧಾನವಾಗಿ ಮುಂದೆ ಉರುಳಿತು. ಬ್ಯಾಟು ಬಿಸಾಡಬೇಕೆಂಬುದನ್ನು ಮರೆತು, ಅದನ್ನು ಹಿಡಿದುಕೊಂಡೇ ಓಡಿದೆ. ಮೊದಲ ಬೇಸಿನ ಹತ್ತಿರ ಬ್ಯಾಟು ನೆಲಕ್ಕೆ ಚಾಚಿದೆ ಕೂಡ. ಹುಟ್ಟುಗುಣ ಸುಟ್ಟರೂ ಹೋಗದು. ಚೆಂಡು ನನಗಿಂತ ಮೊದಲು ತಲುಪಿತ್ತು. ಅಂಪೈರ್ ಔಟ್ ಎಂದರು.

ಔಟಾದವನು ಮಾಡುವಂತೆ ತಲೆ ತಗ್ಗಿಸಿ, ಟೋಪಿ ತೆಗೆದು, ಒಬ್ಬನೇ ಹೊರಗೆ ನಡೆಯತೊಡಗಿದೆ. ಹಿಂದಿನಿಂದ ಎಂಟೂ ಜನ ಬಂದು ನನ್ನ ಮೇಲೆ ಬಿದ್ದರು. ವಿನುತಾಳ ಮೊಣಕಾಲ ತುಂಬ ಮಣ್ಣು.

"ಎಲ್ಲಿಗೆ ಹೊರಟ್ರಿ? ನೀವು ಔಟಾದ್ರೇನು, ನಾನಾಗ್ಲೇ ಹೋಮ್ ಮುಟ್ಟಿ ಆಯ್ತು, ಗೆದ್ವಿ!" ಎಂದಳು.

ಇಷ್ಟು ವರ್ಷ ಕ್ರಿಕೆಟ್ ಆಡಿದ್ದೇನೆ. ಔಟಾದಾಗ ನನ್ನನ್ನು ಯಾರಾದರೂ ಅಪ್ಪಿಕೊಂಡದ್ದು ಅದೇ ಮೊದಲು. ವಾಪಸು ರೈಲಿನಲ್ಲಿ ಟೋಪಿ ಹಿಂದಿರುಗಿಸಲು ಹೋದರೆ, ಎರಿಕ್ ಅದನ್ನು ಮತ್ತೆ ನನ್ನ ತಲೆಗೇ ಇಟ್ಟ.