ರಜಿಯಾ ಮೇಡಂ ಮತ್ತು ಬೋಳು ಜರಿಗಿಡ

ರಜಿಯಾ ಮೇಡಂ ಕೈಗೆ ಏನು ಕೊಟ್ಟರೂ ಮೊದಲು ಮಗುಚಿ ನೋಡುತ್ತಿದ್ದರು. ಆರ್.ಟಿ. ನಗರದ ಹೋಟೆಲಿನಲ್ಲಿ ದೋಸೆ ಬಂದರೆ ಅಂಚು ಎತ್ತಿ ತಳ ನೋಡುವರು. ಮದುವೆ ಪತ್ರಿಕೆ ಕೊಟ್ಟರೆ ವಧೂವರರ ಹೆಸರಿಗಿಂತ ಮೊದಲು ಹಿಂಬದಿ. ಮಾಣಿ ಗಾಬರಿಯಾಗಿ "ಏನಾಯ್ತು ಮೇಡಂ, ಸೀದೋಗಿದ್ಯಾ?" ಎಂದರೆ "ಇಲ್ಲಪ್ಪ, ಅಭ್ಯಾಸ" ಎನ್ನುವರು. ಜರಿಗಿಡ, ಅಂದರೆ ಫರ್ನ್, ಓದಿದವರ ಹಣೆಬರಹವೇ ಅದು. ಜರಿಗೆ ಹೂವಿಲ್ಲ, ಕಾಯಿಲ್ಲ. ಅದರ ಗುರುತೆಲ್ಲ ಎಲೆಯ ಬೆನ್ನಿನಲ್ಲಿ.

ಕಾಲೇಜಿನಲ್ಲಿ ನನಗೆ ಸಸ್ಯಶಾಸ್ತ್ರ ಕಲಿಸಿದವರು ಅವರು. ಭಾನುವಾರ ಬಂತೆಂದರೆ ದುಪಟ್ಟಾ ಸೊಂಟಕ್ಕೆ ಬಿಗಿದು, ಕ್ಯಾನ್ವಾಸ್ ಶೂ ಹಾಕಿ, ನಮ್ಮನ್ನು ಚಿಕ್ಕಬಾಣಾವರದಾಚೆಯ ಬಂಡೆ ಹತ್ತಿಸುವರು. ಅಲ್ಲಿ ಬಿರುಕುಗಳಲ್ಲಿ ಬೆಳ್ಳಿಜರಿ. ಮೇಲೆ ಸಾಧಾರಣ ಹಸಿರು, ಕೆಳಗೆ ಬಿಳಿ ಹುಡಿ. ಒಂದು ಎಲೆ ಕಿತ್ತು ನನ್ನ ಮುಂಗೈ ಮೇಲಿಟ್ಟು ಪಟ್ಟಂತ ಹೊಡೆದರು; ತೆಗೆದರೆ ರಂಗೋಲಿಯ ಹಾಗೆ ಅಚ್ಚು ಬಿದ್ದಿತ್ತು. "ನೋಡೋ, ಇದು ಇವರ ಮನೆತನದ ಗುರುತು. ಹುಡಿ ಇದ್ದವರೆಲ್ಲ ಒಂದು ಕುಲ. ಇಲ್ಲದವರು ಪಕ್ಕದ್ಮನೆಯವರು."

ಈ ಒಂದು ಮಾತನ್ನು ಸಾಧಿಸಿ ತೋರಿಸಲು ಅವರು ಆಯುಷ್ಯವೆಲ್ಲ ಸವೆಸಿದರು. ಸೆಮಿನಾರಿನಲ್ಲಿ ಯಾರಾದರೂ ತಕರಾರು ತೆಗೆದರೆ "ಗಿಡ ತನ್ನಿ ಸ್ವಾಮಿ, ಬರೀ ಮಾತು ಬೇಡ" ಎಂದು ಕೂರಿಸಿಬಿಡುವರು.

ಮುಂದೆ ನಾನು ಅದೇ ಜರಿಗಳ ಡಿಎನ್‌ಎ ನೋಡುವ ಕೆಲಸಕ್ಕೆ ಬಿದ್ದೆ. ಫಲಿತಾಂಶ ಬಂದ ದಿನ ನೋಡಿದರೆ, ಹುಡಿಯೇ ಇಲ್ಲದ ಒಂದು ಬೋಳು ಜರಿ ಬೆಳ್ಳಿಜರಿಗಳ ನಟ್ಟನಡುವೆ ಬಂದು ಕೂತಿತ್ತು. ಎಲ್ಲ ಒಂದೇ ತಾಯಿ ಮಕ್ಕಳು! ಅಂದಮೇಲೆ ಹುಡಿ ನೋಡಿ ಕುಲ ಕಟ್ಟಿದ್ದೇ ತಪ್ಪು, ಮೇಡಂ ಇಷ್ಟು ವರ್ಷ ಹೇಳಿದ್ದು ತಪ್ಪು.

ಹೇಳಿಬಿಡೋಣ ಎಂದೇ ಅವರ ಮನೆಗೆ ಹೋದೆ. ಆಪರೇಷನ್ ಆಗಿ ಮಲಗಿದ್ದರು, ಮುಖ ಬತ್ತಿಹೋಗಿತ್ತು. "ಏನೋ ಸಮಾಚಾರ? ನಮ್ಮ ಬೆಳ್ಳಿ ಕುಲದ ಕಥೆ ಏನಾಯ್ತು?" ಎಂದರು. ನನ್ನ ನಾಲಿಗೆಗೆ ಏನು ಬಡಿದಿತ್ತೋ! "ನೀವು ಹೇಳಿದ ಹಾಗೇ ಇದೆ ಮೇಡಂ" ಎಂದುಬಿಟ್ಟೆ.

ಅವರು ಖುಷಿಪಡಲಿಲ್ಲ. "ಹಂಗಾದ್ರೆ ನನಗೇ ಭ್ರಮೆ" ಎಂದರು. "ಆ ಬೋಳು ಜರಿ ಇದ್ಯಲ್ಲ, ಅದೂ ನಮ್ಮ ಪೈಕಿನೇ ಅಂತ ಈಚೆಗೆ ಬಲವಾಗಿ ಅನ್ನಿಸ್ತಿತ್ತು ಕಣೋ. ಬುಡ, ದಂಟು, ಎಲೆ ಬೆನ್ನಿನ ಬೀಜಾಣು ಎಲ್ಲ ಬೆಳ್ಳಿಜರಿ ಹಂಗೇ ಇದೆ. ನಾನು ಹೇಳಿದ್ದು ತಪ್ಪು ಅಂತ ನಾನೇ ಬರೆದ್ಬಿಡೋಣ ಅಂತಿದ್ದೆ. ಹೋಗ್ಲಿ ಬಿಡು, ನಿಮ್ಮ ಮಷೀನ್ ಸುಳ್ಳು ಹೇಳಲ್ಲ." ಸೊಸೆಯನ್ನು ಕರೆದು "ಆ ಮೈಕ್ರೋಸ್ಕೋಪ್ ಎತ್ತಿಡಮ್ಮ, ಧೂಳು ಹಿಡಿಯುತ್ತೆ" ಎಂದರು.

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಟ್ಟರೆ ಸುಳ್ಳುಗಾರನಾಗುತ್ತೇನಲ್ಲ ಎಂಬ ಅಂಜಿಕೆ. ಸೊಸೆ ತಂದ ಟೀ ಕುಡಿದು, "ಮುಂದಿನ ವಾರ ಬರ್ತೀನಿ ಮೇಡಂ" ಎಂದು ಎದ್ದೆ. ವಾರ ತುಂಬುವ ಮೊದಲೇ ಅವರು ಹೋಗಿಬಿಟ್ಟರು.

ಕನಿಕರ ತೋರಿಸಲು ಹೋಗಿ ಅವರ ಕೊನೆಯ ದೊಡ್ಡ ಕೆಲಸವನ್ನು ನಾನೇ ಕಸಿದುಕೊಂಡೆ. ಈಗ ಅದು ನನ್ನ ಹೆಸರಿನಲ್ಲಿ ಅಚ್ಚಾಗಿದೆ. ಮೊನ್ನೆ ಹೆಬ್ಬಾಳದ ಒಂದು ಸಭೆಯಲ್ಲಿ ಹಿರಿಯರೊಬ್ಬರು ಎದ್ದು, "ಬೋಳು ಜರಿನೂ ಇದೇ ಕುಲದ್ದು ಅಂತ ಮೊದಲು ಯಾರಿಗ್ರೀ ಹೊಳೆದಿದ್ದು?" ಎಂದು ಕೇಳಿದರು. ಮೇಡಂ ಹೆಸರು ಬಾಯಿತನಕ ಬಂತು. ಹೇಳಿದರೆ, ಮತ್ತೆ ಅವರೇಕೆ ಬರೆಯಲಿಲ್ಲ ಎಂದು ಮುಂದಿನ ಪ್ರಶ್ನೆ ಬರುತ್ತದೆ.

"ನನಗೇ ಸರ್" ಎಂದೆ.